ಪಲುತ್ಸೊನ ಹೊಟ್ಟೆಯಲ್ಲಿ ಪೋಪರ ಬೆಳ್ಳಿ

ಪಲುತ್ಸೊನಿಗೆ ಪೋಪರ ಅರಮನೆಯಲ್ಲಿ ದೊಡ್ಡವರ ಪರಿಚಯವಿತ್ತು. ಇದು ನನ್ನ ಮಾತಲ್ಲ, ಅವನದೇ ಮಾತು. ನನ್ನ ರೊಟ್ಟಿ ಭಟ್ಟಿಯ ಎದುರು ನಾದಿದ ಹಿಟ್ಟು ಹಿಡಿದು ಸರದಿಗೆ ಕಾಯುವ ಹೆಂಗಸರಿಗೆ ಅವನು ದಿನಾ ಇದನ್ನೇ ಹೇಳುತ್ತಿದ್ದ. ಪೋಪರ ದಾನಾಧಿಕಾರಿಗಳು ತನಗೆ ಬಹಳ ಬೇಕಾದವರಂತೆ, ದಾರಿಯಲ್ಲಿ ಸಿಕ್ಕರೆ ಮಾತಾಡಿಸದೆ ಮುಂದೆ ಹೋಗುವವರೇ ಅಲ್ಲವಂತೆ. ನಿಜ ಏನೆಂದರೆ ಪಲುತ್ಸೊ ಜೀನಿನ ಮೆತ್ತೆಗೆ ಹುಲ್ಲು ತುಂಬಿ ಹೊಲಿಯುವವನು. ಒಮ್ಮೆ ದಾನಾಧಿಕಾರಿಗಳ ಹೇಸರಗತ್ತೆಯ ಜೀನು ಅವನ ಕೈಗೆ ರಿಪೇರಿಗೆ ಬಂದಿತ್ತು. ಹಾಗಾಗಿ ಆ ಕತ್ತೆಯ ಬೆನ್ನಿನ ಪರಿಚಯ ಅವನಿಗೆ ಚೆನ್ನಾಗಿತ್ತು. ಅಳತೆ ನೋಡುವಾಗ ಸೂಜಿ ಚುಚ್ಚಿದ್ದರಿಂದ ಕತ್ತೆಗೂ ಅವನ ಪರಿಚಯ ಚೆನ್ನಾಗಿಯೇ ಇತ್ತು. ಸ್ನೇಹ ಅಷ್ಟಕ್ಕೇ ನಿಂತಿತ್ತು.

ಇದೆಲ್ಲ ಬೀದಿಗೇ ಗೊತ್ತಿದ್ದ ವಿಷಯ. ಆದರೆ ನಮ್ಮ ರೋಮಿನಲ್ಲಿ ಒಬ್ಬನ ಬಡಾಯಿಯನ್ನು ಇನ್ನೊಬ್ಬ ಬಿಚ್ಚಿ ನೋಡುವುದಿಲ್ಲ. ಇವತ್ತು ಅವನದು, ನಾಳೆ ನಮ್ಮದು.

ಅವನ ಹೆಂಡತಿ, ಮಗಳು ಚೆಕ್ಕೋಲಳನ್ನು ಹೆತ್ತ ವರ್ಷವೇ ಜ್ವರದಲ್ಲಿ ಹೋದಳು. ಆಮೇಲೆ ಆ ಮನುಷ್ಯ ಒಂದು ಕೈಯಲ್ಲಿ ಸೂಜಿ, ಇನ್ನೊಂದು ಕೈಯಲ್ಲಿ ಕೂಸು ಹಿಡಿದುಕೊಂಡೇ ಬದುಕಿದ. ಮಗಳಿಗೆ ಜಡೆ ಹಾಕುತ್ತಿದ್ದವನೂ ಅವನೇ. ಜೀನು ಹೊಲಿಯುವ ದಾರದಲ್ಲೇ ಕಟ್ಟುತ್ತಿದ್ದರಿಂದ ಆ ಜಡೆ ವಾರ ಕಳೆದರೂ ಸಡಿಲವಾಗುತ್ತಿರಲಿಲ್ಲ. ಆ ಹುಡುಗಿ ದೊಡ್ಡವಳಾದಳು, ಪೆರ್ನಕ್ಕನ ಮಗ ತುತ್ಸಿಯೊನನ್ನು ನೋಡಿ ನಕ್ಕಳು, ಅವನೂ ನಕ್ಕ, ಮದುವೆಯ ಮಾತು ಎದ್ದಿತು.

ಪೆರ್ನಕ್ಕ ಸೇತುವೆಯ ಹತ್ತಿರ ಯಾತ್ರಿಕರ ತಂಗುಮನೆ ನಡೆಸುವ ವಿಧವೆ. ಕುಡಿದು ಗಲಾಟೆ ಮಾಡಿದ ಭಾರಿ ಆಳುಗಳನ್ನು ಸೌಟಿನಲ್ಲೇ ಬಡಿದು ಬೀದಿಗೆ ಅಟ್ಟಿದವಳು. ಅವಳು ಒಂದೇ ಷರತ್ತು ಹಾಕಿದಳು.

"ನಮ್ಮನೆಗೆ ಬರೋ ಸೊಸೆ ಸೊಂಟಪಟ್ಟೀಲಿ, ಹೊಸ ಪೋಪರ ಮೆರವಣಿಗೇಲಿ ಎರಚಿದ ಬೆಳ್ಳಿ ನಾಣ್ಯ, ಗ್ರೋಸ್ಸೊ, ಹೊಲ್ದಿರ್ಬೇಕು. ನಮ್ಮತ್ತೆಗೆ ಇತ್ತು, ನನಗೂ ಇತ್ತು. ಹೆಣ್ಣಿನ ಅಪ್ಪ ತಾನೇ ನಿಂತು ಹಿಡಿದಿರ್ಬೇಕು. ಸರಾಫನ ಅಂಗಡೀಲಿ ಕೊಂಡದ್ದು, ನೆಂಟರ ಹತ್ರ ಬೇಡಿದ್ದು, ಅದೆಲ್ಲ ಬರೀ ಬೆಳ್ಳಿ. ಅದು ನಂಗೆ ಬೇಡ."

ಅವಳ ಅದೃಷ್ಟಕ್ಕೋ ನಮ್ಮ ದುರದೃಷ್ಟಕ್ಕೋ, ಅದೇ ಚಳಿಗಾಲ ಹೊಸ ಪೋಪರು ಪಟ್ಟಕ್ಕೆ ಬಂದಿದ್ದರು. ಅವರು ಸಂತ ಪೇತ್ರರ ಗುಡಿಯಿಂದ ಲಾತೆರಾನೊ ಗುಡಿಗೆ ಕುದುರೆಯ ಮೇಲೆ ಹೋಗುವಾಗ ಅವರ ಕಡೆಯವರು ಹೊಸ ಗ್ರೋಸ್ಸೊಗಳನ್ನು ಜನರ ಮೇಲೆ ಎರಚುತ್ತಾರೆ. ಒಂದು ಮುಖದಲ್ಲಿ ಪೀಠದ ಮೇಲೆ ಕೂತು ಆಶೀರ್ವಾದ ಮಾಡುವ ಪೋಪರು, ಇನ್ನೊಂದು ಮುಖದಲ್ಲಿ ಸಂತ ಪೇತ್ರರ ಎರಡು ಬೀಗದ ಕೈ. ಬುದ್ಧಿ ನೆಟ್ಟಗಿರುವ ಯಾವ ಅಪ್ಪನಾದರೂ "ಪ್ರಯತ್ನ ಮಾಡ್ತೀನಮ್ಮ" ಎನ್ನುತ್ತಿದ್ದ. ಪಲುತ್ಸೊ ಮೀಸೆ ತಿರುವಿದ.

"ಒಂದೇ ಸಾಕಾ ಬೀಗಿತ್ತಿ? ದಾನಾಧಿಕಾರಿಗಳಿಗೆ ಕಣ್ಸನ್ನೆ ಮಾಡಿದ್ರೆ ಸಾಕು, ನನ್ನ ಕಡೆಗೇ ಎಸೀತಾರೆ."

"ಎಸೀಲಿ. ಬೂದಿ ಬುಧವಾರದೊಳಗೆ ಎಸೀಲಿ," ಎಂದಳು ಪೆರ್ನಕ್ಕ. "ಅಂದಿಂದ ಉಪವಾಸದ ತಪಸ್ಸು ಕಾಲ ಶುರು, ಮದುವೆ ಇಲ್ಲ. ಪಾಸ್ಕ ಹಬ್ಬದವರೆಗೆ ನಾನು ಕಾಯಲ್ಲ. ಯಾತ್ರಿಕರು ನುಗ್ಗೋ ಹೊತ್ತಿಗೆ ನಂಗೆ ಮನೇಲಿ ಸೊಸೆ ಬೇಕು. ಉಣ್ಣೆ ವ್ಯಾಪಾರಿ ಮನೆಯವರು ಹೆಣ್ಣು ಕೊಡ್ತೀವಿ ಅಂತ ಆಗಲೇ ಎರಡು ಸಲ ಬಂದು ಹೋಗಿದ್ದಾರೆ."

ಚೆಕ್ಕೋಲ ಅಪ್ಪನ ಮುಖವನ್ನೇ ನೋಡಿದಳು. ಕತ್ತೆಯ ವಿಷಯ ಅವಳಿಗೂ ಗೊತ್ತಿತ್ತು.

ಮೆರವಣಿಗೆಯ ದಿನ ಜೋರ್ದಾನೊ ದಿಬ್ಬದ ತಿರುವಿನಲ್ಲಿ ನಾವೆಲ್ಲ ಜಾಗ ಹಿಡಿದು ನಿಂತೆವು. ಹೆಂಗಸರು ಸೊಂಟಕ್ಕೆ ಕಟ್ಟಿದ ಅಡುಗೆಬಟ್ಟೆಯನ್ನು ಸೆರಗಿನ ಹಾಗೆ ಚಾಚಿದ್ದರು, ಗಂಡಸರು ಟೊಪ್ಪಿಗೆ ಮಗುಚಿ ಹಿಡಿದಿದ್ದರು, ಒಬ್ಬ ಮಹಾಶಯ ಮೀನಿನ ಬಲೆಯನ್ನೇ ತಂದಿದ್ದ. ಪಲುತ್ಸೊ ಮಾತ್ರ ಕೈಕಟ್ಟಿ ನಿಂತಿದ್ದ.

"ಅಪ್ಪಾ, ಕೈ ಚಾಚು," ಎಂದಳು ಚೆಕ್ಕೋಲ.

"ಪರಿಚಯ ಇರೋರು ಕೈ ಚಾಚಲ್ಲ ಮಗಳೇ. ಮರ್ಯಾದೆ ಹೋಗುತ್ತೆ."

ಶಿಲುಬೆಗಳು ಹೋದವು, ಪತಾಕೆಗಳು ಹೋದವು, ಕೆಂಪು ನಿಲುವಂಗಿಯವರು ಹೋದರು. ಆಮೇಲೆ ಹೇಸರಗತ್ತೆಯ ಮೇಲೆ ದಾನಾಧಿಕಾರಿಗಳು ಬಂದರು, ಮಡಿಲಲ್ಲಿ ನಾಣ್ಯದ ಚೀಲ. ಒಂದು ಮುಷ್ಟಿ ಎಡಕ್ಕೆ, ಒಂದು ಮುಷ್ಟಿ ಬಲಕ್ಕೆ. ನಮ್ಮ ಕಡೆ ತಿರುಗುವ ಲಕ್ಷಣವೇ ಇರಲಿಲ್ಲ. ಪಲುತ್ಸೊ ಕಣ್ಸನ್ನೆ ಮಾಡಿದ. ಅವರು ನೋಡಲಿಲ್ಲ. ಇನ್ನೊಂದು ಮಾಡಿದ. ಪಕ್ಕದಲ್ಲಿದ್ದ ಮುದುಕಿ ತನಗೇ ಎಂದುಕೊಂಡು ಥೂ ಎಂದಳು. ಕೊನೆಗೆ ಅವನು ಇಡೀ ಬೀದಿಗೆ ಕೇಳುವಂತೆ ಕೂಗಿದ: "ಸ್ವಾಮೀ! ನಾನು ಸ್ವಾಮೀ, ಪಲುತ್ಸೊ! ನಿಮ್ಮ ಕತ್ತೆ..."

ದಾನಾಧಿಕಾರಿಗಳನ್ನು ಸಾರ್ವಜನಿಕವಾಗಿ ಹಾಗೆ ಯಾರೂ ಕರೆದಿರಲಿಕ್ಕಿಲ್ಲ. ಅವರು ತಿರುಗಿ ನೋಡಿದರು, ಗುರುತು ಸಿಗಲಿಲ್ಲ. ಕತ್ತೆಗೆ ಸಿಕ್ಕಿತು. ಕಿವಿ ಹಿಂದಕ್ಕೆ ಮಡಚಿ, ಸೂಜಿ ನೆನಪಾಗಿ, ಮುಂಗಾಲೆತ್ತಿ ನಿಂತುಬಿಟ್ಟಿತು. ಸ್ವಾಮಿಗಳ ಮುಷ್ಟಿ ಬಿಚ್ಚಿಹೋಗಿ ಬೆಳ್ಳಿ ಗಾಳಿಯಲ್ಲಿ ಚೆಲ್ಲಾಡಿತು. ಪಲುತ್ಸೊನ ಬಾಯಿ ತೆರೆದೇ ಇತ್ತು. ಅದು ಯಾವಾಗಲೂ ತೆರೆದೇ ಇರುತ್ತದೆ, ಆದರೆ ಅದರೊಳಗೆ ಬೆಳ್ಳಿ ಬಿದ್ದದ್ದು ಅದೇ ಮೊದಲು.

ಅವನಿಗೆ ಕೆಮ್ಮು ಬಂತು. ಹಿಂದೆ ನಿಂತಿದ್ದ ಜರ್ಮನ್ ಯಾತ್ರಿಕನೊಬ್ಬ, ಎತ್ತಿನಂಥ ಮನುಷ್ಯ, ಒಳ್ಳೆಯ ಮನಸ್ಸಿನಿಂದಲೇ ಬೆನ್ನಿಗೊಂದು ಗುದ್ದಿದ. ಗುಳುಕ್ ಎಂದಿತು.

"ಉಗಿ ಅಪ್ಪಾ!"

"ಏನುಗೀಲಿ," ಎಂದ ಪಲುತ್ಸೊ ಕಣ್ಣಲ್ಲಿ ನೀರು ತುಂಬಿಕೊಂಡು. "ಹೋಯ್ತು."

ಸುದ್ದಿ ನಮಗಿಂತ ಮೊದಲೇ ಸೇತುವೆ ತಲುಪಿತ್ತು. ನಾವು ಭಟ್ಟಿಗೆ ಬರುವಷ್ಟರಲ್ಲಿ ಪೆರ್ನಕ್ಕ ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲಿ ನಿಂತಿದ್ದಳು.

"ಎಲ್ಲಿ?"

ಪಲುತ್ಸೊ ಹೊಟ್ಟೆ ತೋರಿಸಿದ.

"ನಾನು ಕಣ್ಣಾರೆ ನೋಡ್ದೆ ಪೆರ್ನಕ್ಕ, ನುಂಗಿದ," ಎಂದೆ ನಾನು.

ಅವಳು ಕುದುರೆ ಕೊಳ್ಳುವವರಂತೆ ಅವನ ದವಡೆ ಅಗಲಿಸಿ ಒಳಗೆ ಇಣುಕಿದಳು. ಆಮೇಲೆ ಎರಡೂ ಭುಜ ಹಿಡಿದು ಗಲಗಲ ಅಲ್ಲಾಡಿಸಿ, ಹೊಟ್ಟೆಗೆ ಕಿವಿಯಿಟ್ಟು ಕೇಳಿದಳು. ಏನು ಕೇಳಿಸಿತೋ ದೇವರೇ ಬಲ್ಲ. "ಇದೆ," ಎಂದಳು. "ಹಿಡಿದದ್ದು ನೀನೇ ಅನ್ನೋದರಲ್ಲಿ ಅನುಮಾನ ಇಲ್ಲ. ಕೈಯಲ್ಲಿ ಅಂತ ನಾನೂ ಹೇಳಿರಲಿಲ್ಲ. ಬರ್ಲಿ, ತೊಳೆದು ಹೊಲಿಯೋಣ. ಬೂದಿ ಬುಧವಾರಕ್ಕೆ ಇನ್ನೂ ಹೊತ್ತಿದೆ."

ಇಲ್ಲಿಗೆ ನಿಲ್ಲಬೇಕಿತ್ತು. ಕ್ಷೌರದ ಬುತ್ಸಿಯೊ ಭೇದಿಗೆ ಕೊಡುವ ಸೋನಾಮುಖಿ ಎಲೆಯ ಕಷಾಯವನ್ನು ದೊಡ್ಡ ಬಟ್ಟಲಿನಲ್ಲಿ ಕಾಯಿಸಿ ತಂದ. ಕುದುರೆಗೂ ಅಷ್ಟೇ ಕೊಡುವುದು ಎಂದು ಧೈರ್ಯ ಹೇಳಿದ. ಪಲುತ್ಸೊ ಮೂಗು ಮುಚ್ಚಿ ಬಟ್ಟಲು ತುಟಿಗಿಡಬೇಕು, ಅಷ್ಟರಲ್ಲಿ ನಮ್ಮ ಗುಡಿಯ ಪಾದ್ರಿ ದೋನ್ ಯಾಕೊಪೊ ಏದುಸಿರು ಬಿಡುತ್ತ ಒಳಗೆ ಬಂದರು.

"ನಿಲ್ಸೋ ಪಾಪಿ! ಆ ನಾಣ್ಯದ ಮೇಲೆ ಯಾರಿದ್ದಾರೆ ಗೊತ್ತಾ?"

"ಪೋಪರು, ಗುರುಗಳೇ."

"ಏನ್ ಮಾಡ್ತಿದ್ದಾರೆ?"

"ಆಶೀರ್ವಾದ."

"ಆಶೀರ್ವಾದ ಮಾಡ್ತಾ ಇರೋರನ್ನ ನೀನು ಯಾವ ಬಾಗ್ಲಿಂದ ಆಚೆ ಕಳಿಸ್ಬೇಕು ಅಂತಿದೀಯ?"

ಈ ದೃಷ್ಟಿಯಿಂದ ಯಾರೂ ಯೋಚಿಸಿರಲಿಲ್ಲ. ಬುತ್ಸಿಯೊ ಮೆಲ್ಲಗೆ, "ಬಂದ ಬಾಗ್ಲಿಂದಲೇ ಕಳ್ಸೋಣ್ವಾ? ವಾಂತಿಗೂ ಔಷಧ ಇದೆ," ಎಂದ. ದೋನ್ ಯಾಕೊಪೊ ಕಣ್ಣು ಮುಚ್ಚಿಕೊಂಡರು.

ನೋಟರಿ ಸೆರ್ ನಾರ್ದೊ ಪಕ್ಕದ ಮನೆಯವರು. ಕಾನೂನಿನ ವಾಸನೆ ಬಡಿದರೆ ಸಾಕು, ಊಟದ ನಡುವೆಯೂ ಎದ್ದು ಬರುವವರು. ಈರುಳ್ಳಿ ಅಗಿಯುತ್ತಲೇ ಬಂದು ಗಂಭೀರವಾಗಿ ತಲೆಯಾಡಿಸಿದರು. "ಪೋಪರ ನಾಣ್ಯದ ಅಂಚು ಕತ್ತರಿಸಿದರೆ ಕೈ ಹೋಗುತ್ತೆ. ಕರಗಿಸಿದರೆ ತಲೆ ಹೋಗುತ್ತೆ. ಇದಕ್ಕೆ ಏನು ಹೋಗುತ್ತೆ ಅಂತ ಬರೆದಿಲ್ಲ. ಬರೆಯದೇ ಇರೋದಕ್ಕೇ ನಾನು ಹೆದರೋದು."

ಪಲುತ್ಸೊ ಬಟ್ಟಲನ್ನು ನೆಲಕ್ಕಿಟ್ಟ. ಅಂದಿನಿಂದ ಅವನಿಗೆ ಮಲಬದ್ಧತೆ. ಭಯಕ್ಕಿಂತ ದೊಡ್ಡ ಬೆಣೆ ಇನ್ನೊಂದಿಲ್ಲ.

ಮಾರನೆಯ ಬೆಳಿಗ್ಗೆ ಹಾಲು ಮಾರುವವಳು ಬೆನ್ನುನೋವೆಂದು ಬಂದು, ಪೋಪರ ಆಶೀರ್ವಾದ ಒಳಗೇ ಇದೆಯಲ್ಲ ಎಂದು ಅವನ ಹೊಟ್ಟೆಗೆ ಬೆನ್ನು ತಾಗಿಸಿ ಹೋದಳು. ನೋವು ಹೋಯಿತೋ ಇಲ್ಲವೋ, ಅವಳ ಬಾಯಿ ಮಾತ್ರ ಸುಮ್ಮನಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೀದಿಯುದ್ದಕ್ಕೂ ಸಾಲು. ಹಲ್ಲುನೋವಿನವರು ಕೆನ್ನೆ ಒತ್ತಿದರು, ಕುಂಟರು ಕಾಲು ಒತ್ತಿದರು, ಒಬ್ಬಳು ಮೊಟ್ಟೆಯಿಡದ ಕೋಳಿಯನ್ನೇ ತಂದು ಒತ್ತಿದಳು. ಪಲುತ್ಸೊ ಮೊದಮೊದಲು ನಾಚಿಕೊಂಡ. ಆಮೇಲೆ ಅಂಗಿಯ ಗುಂಡಿ ಬಿಚ್ಚಿ ಕೂರಲು ಕಲಿತ. ಕಾರ್ನಿವಲ್ ಹಬ್ಬದ ವೇಷ ಹಾಕಿದ ಪೋಲಿ ಹುಡುಗರು ಹೊಟ್ಟೆಗೆ ದಿಂಬು ಕಟ್ಟಿ, ಅದರ ಮೇಲೆ ಮರದ ಬೀಗದ ಕೈ ತೂಗಿಹಾಕಿ, "ಪಲುತ್ಸೊ ಬಂದ, ಸ್ವರ್ಗದ ಬೀಗ ತಂದ" ಎಂದು ಕುಣಿದುಕೊಂಡು ಹೋದರು. ಚೆಕ್ಕೋಲ ಕಿಟಕಿ ಮುಚ್ಚಿ ಒಳಗೆ ಕೂತು ಅತ್ತಳು. ಉಣ್ಣೆ ವ್ಯಾಪಾರಿಯ ಹೆಂಡತಿ ಅಂದು ಮೂರನೆಯ ಸಲ ಪೆರ್ನಕ್ಕನ ಮನೆಗೆ ಹೋಗಿ ಬಂದದ್ದನ್ನು ಅವಳು ಅದೇ ಕಿಟಕಿಯಿಂದ ನೋಡಿದ್ದಳು.

ದೋನ್ ಯಾಕೊಪೊ ಸುಮ್ಮನಿರದೆ ಮೇಲಿನವರ ಅಭಿಪ್ರಾಯ ಕೇಳಿದ್ದರು. ಪೋಪರ ಅರಮನೆಯಿಂದ ಒಬ್ಬ ಅಧಿಕಾರಿ ಬಂದ. ತೆಳ್ಳಗಿನ ಮನುಷ್ಯ, ಮೂಗಿಗೆ ಕರ್ಚೀಫು. ಹಿಂದೆ ಈಟಿ ಹಿಡಿದ ಕಾವಲುಗಾರ. ಅಧಿಕಾರಿ ಪಲುತ್ಸೊನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ತೀರ್ಪು ಹೇಳಿದ.

"ಈ ಮನುಷ್ಯ ಸದ್ಯಕ್ಕೆ ಮನುಷ್ಯ ಅಲ್ಲ. ಹಣದ ಚೀಲ. ಚೀಲದಿಂದ ನಾಣ್ಯ ಬರೋದು ನಾಣ್ಯಕ್ಕೆ ಅವಮಾನ ಅಲ್ಲ. ಆದ್ರೆ ಚೀಲವನ್ನ ಹಿಂಡಬಾರದು, ಕುಲುಕಬಾರದು, ಔಷಧ ಹಾಕಬಾರದು. ತಾನಾಗೇ ಬರ್ಲಿ. ಹೊಸ ಮಡಕೆ, ಅದರ ಮೇಲೊಂದು ಬಿಳಿ ಬಟ್ಟೆ. ಬರೋ ಹೊತ್ತಿಗೆ ಈ ಕಾವಲುಗಾರ ಟೊಪ್ಪಿಗೆ ತೆಗೆದು ಎದುರಿಗೆ ನಿಂತಿರ್ಬೇಕು."

"ಚೀಲಕ್ಕೆ ಊಟ ಕೊಡಬಹುದಾ ಸ್ವಾಮಿ?" ಎಂದು ಕೇಳಿದಳು ಚೆಕ್ಕೋಲ.

ಅಧಿಕಾರಿ ಯೋಚಿಸಿದ. "ಮೆತ್ತಗಿನದು," ಎಂದ.

ನೀವೇ ಹೇಳಿ. ಎದುರಿಗೆ ಒಬ್ಬ ಆಜಾನುಬಾಹು ಟೊಪ್ಪಿಗೆ ತೆಗೆದು, ತಲೆ ತಗ್ಗಿಸಿ, ಭಕ್ತಿಯಿಂದ ಕಾಯುತ್ತ ನಿಂತಿದ್ದರೆ ಯಾವ ತಾಯಿಯ ಮಗನಿಗೆ ತಾನೇ ಬರುತ್ತದೆ? ಪಲುತ್ಸೊ ಕೂತ, ಎದ್ದ, ಮತ್ತೆ ಕೂತ. ಕಾವಲುಗಾರ ಪಾಪ ಒಳ್ಳೆಯವನು. "ನಾನು ಕಣ್ಮುಚ್ಕೊಂಡಿದೀನಿ ಅಣ್ಣ, ನೀನು ನಿಧಾನಕ್ಕೆ ಮಾಡು," ಎನ್ನುತ್ತಿದ್ದ. ಅದರಿಂದ ಇನ್ನಷ್ಟು ಕೆಟ್ಟಿತು. ಪಲುತ್ಸೊ ದಿನದಿಂದ ದಿನಕ್ಕೆ ಉಬ್ಬಿದ, ಮಗಳು ದಿನದಿಂದ ದಿನಕ್ಕೆ ಇಳಿದುಹೋದಳು, ತುತ್ಸಿಯೊ ದಿನಕ್ಕೆ ನಾಲ್ಕು ಸಲ ನನ್ನ ಭಟ್ಟಿಗೆ ಬಂದು "ಏನಾದ್ರೂ ಸುದ್ದಿ?" ಎಂದು ಕೇಳಿ ಹೋಗುತ್ತಿದ್ದ. ಇಡೀ ರೋಮಿನಲ್ಲಿ ಯಾವ ಪ್ರೇಮಿಯೂ ಅಂಥ ಸುದ್ದಿಗೆ ಅಷ್ಟು ಆಸೆಯಿಂದ ಕಾದಿರಲಿಕ್ಕಿಲ್ಲ.

ಬೂದಿ ಬುಧವಾರದ ಹಿಂದಿನ ದಿನ ಬಂತು. ಅಂದು ಸಂಜೆಯೊಳಗೆ ಮದುವೆ, ಇಲ್ಲದಿದ್ದರೆ ಇಲ್ಲ. ಬೆಳಿಗ್ಗೆ ನಾನು ಪೆರ್ನಕ್ಕನ ಅಡುಗೆಮನೆಗೆ ರೊಟ್ಟಿ ಇಳಿಸುತ್ತಿದ್ದೆ. ಅವಳು ದೊಡ್ಡ ಪಾತ್ರೆಯಲ್ಲಿ ಕಡಲೆ ಕುದಿಸುತ್ತಿದ್ದಳು. ಪಲುತ್ಸೊ ಒಳಗೆ ಬಂದ. ಹಿಂದೆ ಕಾವಲುಗಾರ, ಕಂಕುಳಲ್ಲಿ ಬಿಳಿ ಬಟ್ಟೆ ಮುಚ್ಚಿದ ಮಡಕೆ.

"ಪೆರ್ನಕ್ಕಾ, ದಾನಾಧಿಕಾರಿಗಳು ನಂಗೆ ಗೊತ್ತಿಲ್ಲ."

"ಗೊತ್ತು," ಎಂದಳು ಅವಳು ಸೌಟು ತಿರುಗಿಸುತ್ತ.

"ನಂಗೆ ಗೊತ್ತಿರೋದು ಅವರ ಕತ್ತೆ ಮಾತ್ರ."

"ಅದೂ ಗೊತ್ತು. ಸೇತುವೆ ಈಚೆಗೆ ಎಲ್ಲರಿಗೂ ಗೊತ್ತು."

ಪಲುತ್ಸೊ ಒಲೆಯ ಪಕ್ಕದ ಮರದ ದಿಮ್ಮಿಯ ಮೇಲೆ ಕುಸಿದು ಕೂತ. "ತಪ್ಪು ನಂದು, ಮಗೂದಲ್ಲ. ಅವಳಿಗೆ ತಾಯಿ ಇದ್ದಿದ್ರೆ ಸುಮ್ನೆ ಕೈ ಚಾಚಿ ಹಿಡೀತಿದ್ಲು. ನಾನು ಬಾಯಿ ಬಿಟ್ಕೊಂಡು ನಿಂತೆ. ಬುತ್ಸಿಯೊ ಹತ್ರ ಹರಿತವಾದ ಕತ್ತಿ ಇದೆ. ಹೊಟ್ಟೆ ಕೊಯ್ದು ತಗೊಳ್ಳಿ ಅಕ್ಕಾ, ನಾನು ಬೇಡ ಅನ್ನಲ್ಲ. ನಂಗೆ ಇನ್ನೇನೂ ಇಲ್ಲ, ಅವಳೊಬ್ಳೇ. ಅವಳ ಮದುವೆ ಮಾತ್ರ ನಿಲ್ಲಿಸ್ಬೇಡಿ."

ನನಗೆ ಅಷ್ಟು ದಿನ ಅವನನ್ನು ನೋಡಿ ನಕ್ಕದ್ದಕ್ಕೆ ನಾಚಿಕೆಯಾಯಿತು. ಕಾವಲುಗಾರ ಅಭ್ಯಾಸಬಲದಿಂದ ಟೊಪ್ಪಿಗೆ ತೆಗೆದ.

ಪೆರ್ನಕ್ಕ ಇತ್ತ ತಿರುಗದೆಯೇ, "ಕಣ್ಣೀರು ಕಡಲೆಗೆ ಬೀಳುತ್ತೆ, ಆಚೆ ಸರಿ," ಎಂದು ಗದರಿದಳು. ಆದರೆ ಕಣ್ಣೀರು ಬೀಳುತ್ತಿದ್ದದ್ದು ಅವಳದೇ ಎಂದು ನನಗೆ ಕಾಣಿಸುತ್ತಿತ್ತು. ಸೌಟನ್ನು ಪಾತ್ರೆಯ ಅಂಚಿಗೆ ಬಡಿದು ಇವನ ಕಡೆ ತಿರುಗಿದಳು.

"ಪದ್ಧತಿ ಏನು? ಸೊಂಟಪಟ್ಟಿ ಒಳಗೆ ನಾಣ್ಯ ಇರ್ಬೇಕು. ಅಷ್ಟೇ ತಾನೇ? ನಾಣ್ಯ ಎಲ್ಲಿದೆಯೋ ಅಲ್ಲಿಗೇ ಪಟ್ಟಿ ಕಟ್ಟಿದ್ರಾಯ್ತು. ಎದ್ದೇಳು. ಮುಖ ತೊಳ್ಕೋ. ಸೆರ್ ನಾರ್ದೊನ ಕರೀರಿ."

ಅಂಥ ಮದುವೆಯನ್ನು ನಮ್ಮ ಬೀದಿ ಹಿಂದೆ ನೋಡಿಲ್ಲ, ಮುಂದೆ ನೋಡುವುದೂ ಬೇಡ. ಮದುಮಗಳ ಸೊಂಟಪಟ್ಟಿ ಅಪ್ಪನ ಹೊಟ್ಟೆಯ ಸುತ್ತ ಅರ್ಧಕ್ಕೇ ನಿಂತಿತು. ಅದಕ್ಕೆ ಜೀನಿನ ಪಟ್ಟಿಯೊಂದನ್ನು ಜೋಡಿಸಿ, ಅಪ್ಪ ಮಗಳು ಇಬ್ಬರನ್ನೂ ಒಟ್ಟಿಗೆ ಸುತ್ತಿ ಮುಂದೆ ಕೊಕ್ಕೆ ಹಾಕಿದರು. ನಮ್ಮಲ್ಲಿ ಉಂಗುರ ತೊಡಿಸುವಾಗ ಗಂಡುಹೆಣ್ಣಿನ ತಲೆಯ ಮೇಲೆ ಬಿಚ್ಚುಗತ್ತಿ ಹಿಡಿಯುತ್ತಾರೆ. ತಲೆ ಮೂರಾಗಿದ್ದರಿಂದ ಕತ್ತಿ ಹಿಡಿದವನಿಗೆ ಎಲ್ಲಿ ನಿಲ್ಲಬೇಕೋ ತಿಳಿಯಲಿಲ್ಲ. ಬೆಳಗಿನ ತನ್ನ ಮಾತನ್ನು ಯಾರೋ ನಿಜವೆಂದೇ ನಂಬಿಬಿಟ್ಟರು ಎಂದು ಪಲುತ್ಸೊ ಕಣ್ಣು ಮುಚ್ಚಿ ಜಪ ಶುರುಮಾಡಿದ.

ನಮ್ಮಲ್ಲಿ ಮದುವೆಯ ಒಪ್ಪಿಗೆ ಕೇಳಿ ಬರೆದುಕೊಳ್ಳುವುದು ನೋಟರಿಯ ಕೆಲಸ. ಸೆರ್ ನಾರ್ದೊ ಗಂಟಲು ಸರಿಮಾಡಿಕೊಂಡು ಕೇಳಿದರು: "ಈ ತುತ್ಸಿಯೊನನ್ನು ಗಂಡನಾಗಿ ಒಪ್ಪುತ್ತೀಯಾ?"

"ಒಪ್ಪಿದೆ!" ಎಂದ ಪಲುತ್ಸೊ ಗಟ್ಟಿಯಾಗಿ.

"ನಿನ್ನನ್ನಲ್ಲಯ್ಯಾ."

ಎರಡನೆಯ ಸಲ ಕೇಳಿದಾಗ ಮತ್ತೆ ಅವನೇ ಒಪ್ಪಿದ. ಮೂರನೆಯ ಸಲ ಚೆಕ್ಕೋಲ ಅಪ್ಪನ ಬಾಯಿಯನ್ನು ಅಂಗೈಯಿಂದ ಮುಚ್ಚಿ, ನಗುತ್ತ ಅಳುತ್ತ, "ಒಪ್ಪಿದೆ" ಎಂದಳು. ಉಂಗುರ ಬಿತ್ತು.

ಮದುವೆಯಾದ ಮೇಲೆ ಹೆಣ್ಣನ್ನು ಗಂಡಿನ ಮನೆಗೆ ಕರೆದೊಯ್ಯಬೇಕು. ಪಲುತ್ಸೊ ಕೊಕ್ಕೆ ಬಿಚ್ಚಿಸಿಕೊಂಡು, ಮಗಳ ಹಣೆಗೆ ಮುತ್ತು ಕೊಟ್ಟು, ತನ್ನ ಮನೆಯ ಕಡೆ ಹೊರಟ. ಪೆರ್ನಕ್ಕ ಅವನ ಅಂಗಿ ಹಿಡಿದು ನಿಲ್ಲಿಸಿದಳು.

"ಎಲ್ಲಿಗೆ? ಸೊಂಟಪಟ್ಟಿ ನಾಣ್ಯ ಗಂಡನ ಮನೇಲೇ ಇರ್ಬೇಕು. ಅದೂ ಪದ್ಧತೀನೇ. ಅದು ಬರೋವರೆಗೆ ನೀನು ನಮ್ಮನೇಲೇ ಬಿದ್ದಿರು. ಅಟ್ಟದ ಮೇಲೆ ಜಾಗ ಇದೆ. ಯಾತ್ರಿಕರ ಹಾಸಿಗೆಗೆ ಹುಲ್ಲು ತುಂಬು, ಸುಮ್ನೆ ಕೂಳು ಹಾಕಲ್ಲ." ಆಮೇಲೆ ಕಾವಲುಗಾರನ ಕಡೆ ತಿರುಗಿದಳು. "ನೀನು ಮನೆಗೆ ಹೋಗಪ್ಪ. ಮಡಕೆ ನಾನು ನೋಡ್ಕೋತೀನಿ."

ಹೀಗೆ ಪಲುತ್ಸೊ ವರದಕ್ಷಿಣೆಯ ಜೊತೆ ಮಗಳ ಹಿಂದೆಯೇ ಬೀಗರ ಮನೆ ಸೇರಿದ. ತಪಸ್ಸು ಕಾಲ ಕಳೆಯಿತು, ಪಾಸ್ಕ ಕಳೆಯಿತು, ದ್ರಾಕ್ಷಿ ಕೊಯ್ಲೂ ಕಳೆಯಿತು. ನಾಣ್ಯ ಬರಲಿಲ್ಲವೆಂದು ಸುದ್ದಿ. ಯಾತ್ರಿಕರು ಈಗಲೂ ಅವನ ಹೊಟ್ಟೆ ಮುಟ್ಟಿ ಹೋಗುತ್ತಿದ್ದರು. ಇಂಥ ಹೊಟ್ಟೆ ಇರುವ ತಂಗುಮನೆ ಊರಲ್ಲಿ ಇನ್ನೊಂದಿರಲಿಲ್ಲ.

ಮುಂದಿನ ಚಳಿಗಾಲ ಚೆಕ್ಕೋಲ ಗಂಡುಮಗು ಹೆತ್ತಳು. ನಾಮಕರಣದ ದಿನ ಅವಳು ಕೂಸನ್ನು ಎತ್ತಿಕೊಳ್ಳಲು ಬಗ್ಗಿದಾಗ ಸೊಂಟಪಟ್ಟಿಯ ಒಳಮೈ ಮಡಚಿಕೊಂಡಿತು. ಅಲ್ಲಿ ಬೆಳ್ಳಿ. ಪೀಠದ ಮೇಲೆ ಕೂತ ಪೋಪರು ನನಗೇ ಆಶೀರ್ವಾದ ಮಾಡುತ್ತಿದ್ದರು.

ನಾನು ಪೆರ್ನಕ್ಕನನ್ನು ಅಡುಗೆಮನೆಯಲ್ಲಿ ಹಿಡಿದೆ. "ಯಾವಾಗ ಬಂತು?"

ಅವಳು ಸೌಟನ್ನು ನನ್ನ ಮೂಗಿನ ನೇರಕ್ಕೆ ಎತ್ತಿದಳು. "ಮದುವೆ ಆದ ವಾರವೇ. ಕಾವಲುಗಾರ ಹೋದ ಮೇಲೆ ಬರದೇ ಏನು? ಮಡಕೆ ತೊಳೆಯೋಳು ನಾನು, ಸಿಕ್ತು. ಪಟ್ಟಿಗೆ ಹೊಲಿದೆ. ಅವನ ಮುಂದೆ ಬಾಯಿ ಬಿಟ್ಯೋ, ನಿನ್ನ ಭಟ್ಟೀಲಿ ನಿನ್ನನ್ನೇ ಬೇಯಿಸ್ತೀನಿ. ಬಂತು ಅಂದ್ರೆ ಮರ್ಯಾದಸ್ಥ, ಗಂಟುಮೂಟೆ ಕಟ್ಕೊಂಡು ಹೊರಟುಬಿಡ್ತಾನೆ. ಅಲ್ಲಿ ಒಬ್ನೇ ಏನ್ ಬೇಯಿಸ್ಕೊಂಡು ತಿಂತಾನೆ, ಜೀನಿನ ಹುಲ್ಲಾ?"

ನಾನು ತೆಪ್ಪಗೆ ಹಿತ್ತಲಿಗೆ ಬಂದೆ. ಪಲುತ್ಸೊ ಬಿಸಿಲಿನಲ್ಲಿ ಕೂತು ಮೊಮ್ಮಗನ ತೊಟ್ಟಿಲಿಗೆ ಮೆತ್ತೆ ಹೊಲಿಯುತ್ತಿದ್ದ. ಹೇಳಬಾರದು ಎಂದುಕೊಂಡೇ ಪಕ್ಕದಲ್ಲಿ ಕೂತೆ. ನನ್ನ ಮುಖ ನೋಡಿಯೇ ಅವನಿಗೆ ತಿಳಿಯಿತೇನೋ.

"ನೋಡಿಬಿಟ್ಯಾ?" ಎಂದ ಸೂಜಿ ನಿಲ್ಲಿಸದೆ.

ನಾನು ಅವನ ಮುಂದೆ ಬಿದ್ದಿದ್ದ ಹುಲ್ಲುಕಡ್ಡಿಗಳನ್ನು ಹೆಕ್ಕತೊಡಗಿದೆ.

"ಬಂದಿದ್ದು ನಂಗೆ ಗೊತ್ತಾಗದೇ ಇರುತ್ತೇನಯ್ಯಾ? ಠಣ್ ಅಂತ ಸದ್ದಾಯ್ತು. ಹೇಳೋಣ ಅಂತಲೇ ಹೊರಟೆ. ಕಾಲೇ ಬರ್ಲಿಲ್ಲ. ಅದಕ್ಕೆ ನಾನೇ ತೊಳೆದು, ಪೆರ್ನಕ್ಕನ ಕಣ್ಣಿಗೆ ಬೀಳ್ಲಿ ಅಂತ ಅದೇ ಮಡಕೇಲಿ ಬಿಟ್ಟೆ. ಅವಳಾಗೇ ಕಳಿಸಿದ್ರೆ ಹೋಗೋಣ ಅಂತ. ಅವಳು ನೋಡಿದ್ಲು. ಏನೂ ಅನ್ಲಿಲ್ಲ." ಹಲ್ಲಿನಿಂದ ದಾರ ಕಡಿದ. "ಅವಳಿಗೆ ಹೇಳ್ಬೇಡ ಮಾರಾಯಾ."

ಅಷ್ಟರಲ್ಲಿ ಅಡುಗೆಮನೆಯ ಕಿಟಕಿ ದಡಕ್ಕನೆ ತೆರೆಯಿತು.

"ಏಯ್ ಪಲುತ್ಸೊ! ಬಂತಾ?"

"ಇನ್ನೂ ಇಲ್ಲ ಬೀಗಿತ್ತಿ!"

"ದರಿದ್ರ ಹೊಟ್ಟೆ! ಒಳಗೆ ಬಾ, ಕಡಲೆ ಆರಿಹೋಗುತ್ತೆ."